60 ಸಾವಿರಕ್ಕೆ ಐಫೋನ್ 16ಇ: ಕೊಳ್ಳಬೇಕಾ, ಬೇಡವಾ?

2025ರ ಫೆಬ್ರವರಿಯಲ್ಲಿ ಆಪಲ್ ತನ್ನ ಐಫೋನ್ 16ಇ ಬಿಡುಗಡೆ ಮಾಡಿತು. 128 ಜಿಬಿ ಮಾಡೆಲ್‌ಗೆ ಭಾರತದಲ್ಲಿ ಆಗ 59,900 ರೂಪಾಯಿ ಇತ್ತು. ಅದಕ್ಕೂ ಮೊದಲೇ, ಜನವರಿಯಲ್ಲಿ, ಒನ್‌ಪ್ಲಸ್ 13ಆರ್ 42,999ಕ್ಕೆ ಬಂದಿತ್ತು. ಮಾರ್ಚ್‌ನಲ್ಲಿ ಗೂಗಲ್ ಪಿಕ್ಸೆಲ್ 9ಎ ಅನ್ನು 49,999ಕ್ಕೆ ಘೋಷಿಸಿತು. ಇವೆರಡು ಎದುರಿಗಿರುವಾಗ ಐಫೋನ್‌ಗೆ ಅಷ್ಟು ಜಾಸ್ತಿ ಕೊಡಬೇಕಾ?

ಪರ: ವರ್ಷಗಟ್ಟಲೆ ಬರುವ ಫೋನಿಗೆ ಈ ಬೆಲೆ ಸರಿ

ನಾನು ಫೋನಿನ ಬೆಲೆಯನ್ನು ಅದನ್ನು ಬಳಸುವ ವರ್ಷಗಳಿಗೆ ಹಂಚಿ ನೋಡುತ್ತೇನೆ. 59,900 ರೂಪಾಯಿಯ ಫೋನ್ ಐದು ವರ್ಷ ಬಂದರೆ ತಿಂಗಳಿಗೆ ಸಾವಿರ ರೂಪಾಯಿ ಬೀಳುತ್ತದೆ. 42,999ರ ಫೋನನ್ನು ಮೂರು ವರ್ಷಕ್ಕೆ ಬದಲಿಸಿದರೆ ತಿಂಗಳಿಗೆ ಸುಮಾರು 1,200.

ಐದು ವರ್ಷ ಬರುತ್ತಾ? ಬರುತ್ತದೆ ಅನ್ನಲು ಆಧಾರ ಇದೆ. 2018ರ ಐಫೋನ್ ಎಕ್ಸ್‌ಆರ್‌ಗೆ 2024ರ ಐಒಎಸ್ 18 (ಐಫೋನ್ ನಡೆಸುವ ಸಾಫ್ಟ್‌ವೇರ್) ಕೂಡ ಸಿಕ್ಕಿತು. ಇನ್ನು 16ಇ ಒಳಗಿರುವುದು ಎ18 ಚಿಪ್, 8 ಜಿಬಿ ರ್‍ಯಾಮ್. 79,900 ರೂಪಾಯಿಗೆ ಬಂದ ಐಫೋನ್ 16ರಲ್ಲೂ ಇರುವುದು ಇದೇ. ಗೇಮ್, ಚಿತ್ರಗಳನ್ನು ನೋಡಿಕೊಳ್ಳುವ ಗ್ರಾಫಿಕ್ಸ್ ಕೋರ್ ಒಂದು ಕಡಿಮೆ, ಅಷ್ಟೇ. ಯುಪಿಐ, ವಾಟ್ಸಾಪ್, ಮ್ಯಾಪ್, ವಿಡಿಯೊ ಕಾಲ್ ಅಂತ ಬಳಸುವವರಿಗೆ ಆ ಒಂದು ಕೋರ್ ಇಲ್ಲದ್ದು ಗೊತ್ತೇ ಆಗುವುದಿಲ್ಲ. 20 ಸಾವಿರ ಉಳಿದದ್ದು ಚೆನ್ನಾಗಿ ಗೊತ್ತಾಗುತ್ತದೆ.

ಬ್ಯಾಟರಿಯಲ್ಲಂತೂ ಇದು ತನ್ನ ಅಣ್ಣನನ್ನೇ ಮೀರಿಸುತ್ತದೆ. ಆಪಲ್ ಕೊಡುವ ಲೆಕ್ಕದ ಪ್ರಕಾರ ಐಫೋನ್ 16ರಲ್ಲಿ 22 ಗಂಟೆ ವಿಡಿಯೊ ನೋಡಬಹುದು, ಇದರಲ್ಲಿ 26 ಗಂಟೆ. ಫೋನನ್ನು ನೆಟ್‌ವರ್ಕ್‌ಗೆ ಜೋಡಿಸುವ ಚಿಪ್ಪಿಗೆ ಮೋಡೆಮ್ ಅನ್ನುತ್ತಾರೆ; ಆಪಲ್ ತಾನೇ ತಯಾರಿಸಿದ ಮೊದಲ ಮೋಡೆಮ್ ಸಿ1 ಇದರಲ್ಲಿದೆ. ಅದು ಕರೆಂಟ್ ಕಡಿಮೆ ಎಳೆಯುವುದೂ ಇದಕ್ಕೆ ಒಂದು ಕಾರಣ.

"ಅಮೆರಿಕದಲ್ಲಿ ಅಗ್ಗ, ಅಣ್ಣ ಬರುವಾಗ ತರಿಸಿಕೊಳ್ಳೋಣ" ಅನ್ನುವವರು ನಮ್ಮಲ್ಲಿ ತುಂಬಾ ಜನ. ಈ ಸಲ ಅದರಲ್ಲಿ ಹೇಳಿಕೊಳ್ಳುವ ಲಾಭ ಇರಲಿಲ್ಲ. ಅಲ್ಲಿನ ಬೆಲೆ 599 ಡಾಲರ್, ತೆರಿಗೆ ಬೇರೆ. ಆಗಿನ ದರ ಡಾಲರಿಗೆ ಸುಮಾರು 87 ರೂಪಾಯಿ ಅಂತ ಹಿಡಿದರೆ 52 ಸಾವಿರ ದಾಟುತ್ತದೆ. ಅದಕ್ಕೆ ಅಲ್ಲಿನ ತೆರಿಗೆಯೂ ಸೇರಿದರೆ ಉಳಿಯುವುದು ಇನ್ನೂ ಕಡಿಮೆ. ಅದೂ ಅಲ್ಲದೆ ಅಮೆರಿಕದ ಮಾಡೆಲ್‌ನಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಇ-ಸಿಮ್ (ಫೋನಿನೊಳಗೇ ಇರುವ ಡಿಜಿಟಲ್ ಸಿಮ್) ಮಾತ್ರ.

ಮಾರುವಾಗಲೂ ಐಫೋನ್‌ಗೆ ಒಳ್ಳೆಯ ಬೆಲೆ ಬರುತ್ತದೆ. ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಒಮ್ಮೆ ವಿಚಾರಿಸಿ.

ವಿರೋಧ: ಕೊಟ್ಟ ದುಡ್ಡಿಗೆ ಇಷ್ಟು ಕಡಿಮೆ ಸಿಗಬಾರದು

ಮೊದಲು ಬೆಲೆಯನ್ನೇ ಸರಿಯಾಗಿ ಹೋಲಿಸೋಣ. 42,999ಕ್ಕೂ 49,999ಕ್ಕೂ ಒನ್‌ಪ್ಲಸ್, ಪಿಕ್ಸೆಲ್ ಕೊಡುವುದು 256 ಜಿಬಿ. ಐಫೋನ್ 16ಇಯಲ್ಲಿ ಅಷ್ಟು ಜಾಗ ಬೇಕೆಂದರೆ ಬಿಡುಗಡೆಯಾದಾಗ 69,900 ಕೊಡಬೇಕಿತ್ತು. ಅಂದರೆ ಪಿಕ್ಸೆಲ್‌ಗಿಂತ ಹತ್ತಿರ ಹತ್ತಿರ 20 ಸಾವಿರ, ಒನ್‌ಪ್ಲಸ್‌ಗಿಂತ 27 ಸಾವಿರ ಜಾಸ್ತಿ. ಐದು ವರ್ಷ ಬಳಸುತ್ತೇನೆ ಅನ್ನುವವರಿಗೆ 128 ಜಿಬಿ ಸಾಲುತ್ತದೆಯೇ? ಮದುವೆ, ನಾಮಕರಣ, ಪ್ರವಾಸದ ವಿಡಿಯೊಗಳು ಸೇರಿದರೆ ಎರಡು ವರ್ಷದಲ್ಲೇ ಒಂದೊಂದಾಗಿ ಅಳಿಸುತ್ತಾ ಕೂರಬೇಕಾಗುತ್ತದೆ. ಮೆಮೊರಿ ಕಾರ್ಡ್ ಹಾಕುವ ದಾರಿಯೂ ಇಲ್ಲ.

ಸ್ಕ್ರೀನ್ ವಿಷಯಕ್ಕೆ ಬಂದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಇದರದ್ದು 60 ಹರ್ಟ್ಸ್, ಅಂದರೆ ಸ್ಕ್ರೀನ್ ಮೇಲಿನ ಚಿತ್ರ ಸೆಕೆಂಡಿಗೆ 60 ಸಲ ಬದಲಾಗುತ್ತದೆ; ಈ ಸಂಖ್ಯೆ ಹೆಚ್ಚಿದಷ್ಟೂ ಸ್ಕ್ರೀನ್ ನಯವಾಗಿ ಓಡುತ್ತದೆ. ಪಿಕ್ಸೆಲ್ 9ಎ, ಒನ್‌ಪ್ಲಸ್ 13ಆರ್ ಎರಡರಲ್ಲೂ 120 ಹರ್ಟ್ಸ್. ಅವು ಬಿಡಿ, ಅದೇ ಮಾರ್ಚ್‌ನಲ್ಲಿ 24,999ಕ್ಕೆ ಬಂದ ನಥಿಂಗ್ ಫೋನ್ 3ಎಯಲ್ಲೂ 120 ಇದೆ. 25 ಸಾವಿರದ ಫೋನಿನಲ್ಲಿ ಸಿಗುವುದು 60 ಸಾವಿರದ ಫೋನಿನಲ್ಲಿ ಇಲ್ಲ ಅಂದರೆ ಹೇಗೆ? ದಿನವಿಡೀ ನಮ್ಮ ಬೆರಳು ಓಡಾಡುವುದು ಸ್ಕ್ರೀನ್ ಮೇಲೇ ಅಲ್ವಾ?

ಹಿಂದೆ ಇರುವುದು ಒಂದೇ ಕ್ಯಾಮೆರಾ. 48 ಮೆಗಾಪಿಕ್ಸೆಲ್, ಫೋಟೊ ಚೆನ್ನಾಗಿಯೇ ಬರುತ್ತದೆ. ಆದರೆ ಹೆಚ್ಚು ಅಗಲದ ದೃಶ್ಯ ಹಿಡಿಯುವ ಅಲ್ಟ್ರಾವೈಡ್ ಕ್ಯಾಮೆರಾ ಇಲ್ಲ. ಹಂಪಿಯ ವಿರೂಪಾಕ್ಷ ಗುಡಿಯ ಗೋಪುರದ ಹತ್ತಿರ ನಿಂತು ಇಡೀ ಗೋಪುರ ತೆಗೆಯಬೇಕು, ಇಲ್ಲವೇ ಚಿಕ್ಕ ಹಜಾರದಲ್ಲಿ ಮನೆಮಂದಿಯನ್ನೆಲ್ಲ ಒಂದೇ ಫೋಟೊದಲ್ಲಿ ಹಿಡಿಯಬೇಕು ಅಂದರೆ ಅಲ್ಟ್ರಾವೈಡ್ ಬೇಕೇ ಬೇಕು. ಪಿಕ್ಸೆಲ್‌ನಲ್ಲಿ ಅದಿದೆ. ಒನ್‌ಪ್ಲಸ್‌ನಲ್ಲಿ ಅದರ ಜೊತೆಗೆ ದೂರದ್ದನ್ನು ಹತ್ತಿರ ತರುವ 2ಎಕ್ಸ್ ಕ್ಯಾಮೆರಾ ಕೂಡ ಇದೆ.

ಚಾರ್ಜರನ್ನು ಆಯಸ್ಕಾಂತದಿಂದ ಫೋನಿನ ಹಿಂದೆ ಅಂಟಿಸುವ ಮ್ಯಾಗ್‌ಸೇಫ್ ತೆಗೆದುಹಾಕಿದ್ದಾರೆ. ವೈರ್‌ಲೆಸ್ ಚಾರ್ಜಿಂಗ್ 7.5 ವ್ಯಾಟ್‌ಗೆ ನಿಲ್ಲುತ್ತದೆ. ಬಾಕ್ಸ್‌ನಲ್ಲಿ ಚಾರ್ಜರ್ ಇಲ್ಲ.

"ವರ್ಷಗಟ್ಟಲೆ ಬರುತ್ತದೆ" ಅನ್ನುವ ವಾದ ಹಿಂದೆ ಸರಿಯಾಗಿತ್ತು. ಈಗ ಅದು ಆಪಲ್‌ದೊಂದೇ ಸೊತ್ತಲ್ಲ. ಪಿಕ್ಸೆಲ್ 9ಎಗೆ ಗೂಗಲ್ 7 ವರ್ಷ ಅಪ್‌ಡೇಟ್ ಕೊಡುತ್ತೇನೆ ಎಂದಿದೆ. ಒನ್‌ಪ್ಲಸ್ 13ಆರ್‌ಗೆ 6 ವರ್ಷದ ಸೆಕ್ಯುರಿಟಿ ಅಪ್‌ಡೇಟ್ ಇದೆ. ಅದನ್ನು ಮೂರೇ ವರ್ಷಕ್ಕೆ ಬದಲಿಸಬೇಕು ಅಂತ ಯಾರು ಹೇಳಿದರು? ಐದು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 720 ರೂಪಾಯಿ ಮಾತ್ರ.

ಇನ್ನೊಂದು ಮಾತು. ಕಡಿಮೆ ದುಡ್ಡಿಗೆ ಐಫೋನ್ ಬೇಕು ಅನ್ನುವವರಿಗೆ 2022ರಲ್ಲಿ ಐಫೋನ್ ಎಸ್‌ಇ ಅನ್ನುವ ಅಗ್ಗದ ಮಾಡೆಲ್ 43,900ಕ್ಕೆ ಬಂದಿತ್ತು. 16ಇ ಬಂದ ಮೇಲೆ ಆಪಲ್ ಅದನ್ನು ನಿಲ್ಲಿಸಿತು. ಸ್ಕ್ರೀನ್ ದೊಡ್ಡದಾಯಿತು, ಸ್ಟೋರೇಜ್ 64ರಿಂದ 128 ಜಿಬಿಗೆ ಏರಿತು ಅನ್ನುವುದು ನಿಜ. ಆದರೂ ಹೊಸ ಐಫೋನ್‌ಗೆ ಕಾಲಿಡುವ ಬೆಲೆಯೇ 16 ಸಾವಿರ ಮೇಲೆ ಹೋಯಿತು. ಮೊದಲ ಸಂಬಳದಲ್ಲಿ ಉಳಿಸಿ ಫೋನ್ ಕೊಳ್ಳುವ ಹುಡುಗ ಹುಡುಗಿಯರಿಗೆ ಅದು ಸಣ್ಣ ಮೊತ್ತ ಅಲ್ಲ. ಐಫೋನೇ ಬೇಕು ಅನ್ನುವವರಿಗೆ ನನ್ನ ಸಲಹೆ ಒಂದೇ: ಐಫೋನ್ 16ರ ಬೆಲೆ ಹಬ್ಬದ ಸೇಲ್‌ನಲ್ಲಿ ಇಳಿಯುವವರೆಗೆ ಕಾಯಿರಿ. ಅಲ್ಲಿಯವರೆಗೆ ಹಳೆಯ ಫೋನಿಗೆ ಹೊಸ ಬ್ಯಾಟರಿ ಹಾಕಿಸಿದರೂ ನಡೆಯುತ್ತದೆ.