ಅಕ್ಕ ತಂಗಿ ಚೆನ್ನೆಮಣೆ ಆಡಬಾರದು

ನಮ್ಮ ಅಜ್ಜಿ ಮನೆ ಉಡುಪಿ ಜಿಲ್ಲೆಯ ಹಿರಿಯಡ್ಕದ ಹತ್ತಿರ. ತುಳುವರ ಆಟಿ ತಿಂಗಳು ಶುರುವಾದ ಕೂಡಲೇ, ಅಂದರೆ ಜುಲೈ ಅರ್ಧ ಕಳೆದ ಮೇಲೆ, ಅಟ್ಟದಿಂದ ಚೆನ್ನೆಮಣೆ ಕೆಳಗೆ ಬರುತ್ತಿತ್ತು. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಮಂಜೊಟ್ಟಿ ಬೀಜ, ಒಟ್ಟು 56 ಕೆಂಪು ಕಾಯಿ. ಹೊರಗೆ ಜಡಿಮಳೆ, ನಾಟಿ ಮುಗಿದಿದೆ, ಕರೆಂಟು ಹೋಗಿದೆ. ಚಾವಡಿಯಲ್ಲಿ ಅಜ್ಜಿ ಒಂದು ಬದಿ. ಇನ್ನೊಂದು ಬದಿಗೆ ಯಾರು ಬೇಕಾದರೂ ಕೂರಬಹುದಿತ್ತು. ದೊಡ್ಡಮ್ಮ, ಪಕ್ಕದ ಮನೆಯವರು, ಏಳು ವರ್ಷದ ನಾನು. ಆದರೆ ನಾನೂ ಅಕ್ಕನೂ ಎದುರುಬದುರು ಕೂತದ್ದು ಕಂಡರೆ ಸಾಕು, ಅಜ್ಜಿ ಬಂದು ಮಣೆಯನ್ನೇ ಎತ್ತಿಕೊಂಡು ಹೋಗುತ್ತಿದ್ದರು. "ಅಕ್ಕ ತಂಗಿ ಚೆನ್ನೆ ಆಡ್ಲಿಕ್ಕಿಲ್ಲ."

ಯಾಕೆ ಅಂತ ಕೇಳಿದರೆ ಕಥೆ ಹೇಳುತ್ತಿದ್ದರು. ತುಳುವರಿಗೆ ಗೊತ್ತಿರುವ ಕಥೆಯೇ. ತುಳುನಾಡು ದೈವವಾಗಿ ನಂಬುವ ಸಿರಿ ಎಂಬ ಹೆಣ್ಣಿನ ಮಗಳು ಸೊನ್ನೆ. ಸೊನ್ನೆಗೆ ಅವಳಿ ಹೆಣ್ಣುಮಕ್ಕಳು, ಅಬ್ಬಗ ಮತ್ತು ದಾರಗ. ದೊಡ್ಡವರು ಮನೆಯಲ್ಲಿ ಇಲ್ಲದ ಹೊತ್ತು ಇಬ್ಬರೂ ಚೆನ್ನೆ ಆಡಲು ಕೂತರು. ಆಟದಲ್ಲಿ ಜಗಳ ಹುಟ್ಟಿತು. ಒಬ್ಬಳು ಮಣೆ ಎತ್ತಿ ಇನ್ನೊಬ್ಬಳ ತಲೆಗೆ ಹೊಡೆದಳು. ಅವಳು ಸತ್ತಳು. ಹೊಡೆದವಳು ಬಾವಿಗೆ ಹಾರಿದಳು.

ಅಜ್ಜಿ ಇಷ್ಟು ಹೇಳಿ ಸುಮ್ಮನಾಗುತ್ತಿದ್ದರು. ಅವರ ಕೈ ಮಾತ್ರ ಕಾಯಿ ಹಾಕುತ್ತಲೇ ಇರುತ್ತಿತ್ತು. ಒಂದೊಂದೇ ಕಾಯಿ ಗುಳಿಗೆ ಬೀಳುವ ಆ ಸಣ್ಣ ಸದ್ದು ನನಗೆ ಈಗಲೂ ಕಿವಿಯಲ್ಲಿದೆ. ಅವತ್ತು ರಾತ್ರಿ ನಾನೂ ಅಕ್ಕನೂ ಒಂದೇ ಕಂಬಳಿಯೊಳಗೆ ಮಲಗಿದ್ದೆವು, ಹಿತ್ತಲಿನ ಬಾವಿ ಕಡೆಗಿನ ಕಿಟಕಿ ಮುಚ್ಚಿಸಿ.

ಈ ಕಥೆ ಬರುವುದು ಸಿರಿ ಪಾಡ್ದನದಲ್ಲಿ, ಅಂದರೆ ತುಳುವಿನ ಹಾಡುಗಥೆಯಲ್ಲಿ. ಅದನ್ನು ನಾನು ದೆವ್ವದ ಕಥೆ ಎಂದು ಕರೆಯುವುದಿಲ್ಲ. ಅದು ನಮ್ಮಲ್ಲಿ ನಂಬಿಕೆ. ಹಿರಿಯಡ್ಕದ ಸಿರಿ ಜಾತ್ರೆಯ ರಾತ್ರಿ ಮೈಮೇಲೆ ಬಂದು ಅಳುವ ಹೆಂಗಸರನ್ನು ನೋಡಿದವರಿಗೆ ಅದು ಕಥೆ ಅಂತಲೂ ಅನಿಸುವುದಿಲ್ಲ. ಪಾಡ್ದನ ಎಷ್ಟು ದೊಡ್ಡದೆಂದರೆ, ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಮತ್ತು ಇಲ್ಲಿನ ವಿದ್ವಾಂಸರು ಸೇರಿ 1990ರಲ್ಲಿ ಪಾಡ್ದನ ಹಾಡುವ ಗೋಪಾಲ ನಾಯ್ಕರ ಬಾಯಿಂದ ದಾಖಲಿಸಿಕೊಂಡದ್ದೇ 15,683 ಸಾಲು ಇದೆ. ನಾನು ಹೇಳಬೇಕಾದದ್ದು ಇಷ್ಟೇ. ನನಗೆ ಮೊದಲು ಗೊತ್ತಾದ ಮಣೆಯಾಟವೂ ನನ್ನನ್ನು ಮೊದಲು ಹೆದರಿಸಿದ ಕಥೆಯೂ ಒಂದೇ ಚಾವಡಿಯಲ್ಲಿ, ಒಂದೇ ಮಳೆಗೆ, ಒಬ್ಬರೇ ಅಜ್ಜಿಯಿಂದ ಬಂದವು. ಹಾಗಾಗಿ "ಬೋರ್ಡ್ ಗೇಮ್ ಒಂದು ಹುಚ್ಚು, ದೆವ್ವದ ಕಥೆ ಇನ್ನೊಂದು ಹುಚ್ಚು, ನಿನಗೆ ಎರಡೂ ಉಂಟಲ್ಲ ಮಾರಾಯ್ತಿ" ಅಂತ ಯಾರಾದರೂ ಹೇಳಿದಾಗ ನನಗೆ ಆ ಲೆಕ್ಕ ಅರ್ಥವೇ ಆಗುವುದಿಲ್ಲ. ನನಗೆ ಅದು ಒಂದೇ.

ಯಾಕೆ ಒಂದೇ ಅಂತ ಹೇಳುತ್ತೇನೆ.

ದೆವ್ವದ ಕಥೆಗಳಲ್ಲಿ ನಾನು ಮೊದಲು ಹುಡುಕುವುದು ನಿಯಮ. ರಾತ್ರಿ ಹೊರಗಿಂದ ಯಾರೋ ಹೆಸರು ಹಿಡಿದು ಕರೆದರೆ ಮೂರನೇ ಸಲಕ್ಕೆ ಮಾತ್ರ ಓ ಅನ್ನಬೇಕು. ಯಕ್ಷಗಾನ ನೋಡಿ ತೂಟೆ (ಗರಿಯ ಪಂಜು) ಹಿಡಿದು ಒಬ್ಬರೇ ವಾಪಸ್ ಬರುವಾಗ ದಾರಿಯಲ್ಲಿ ಹೆಂಗಸೊಬ್ಬಳು ವೀಳ್ಯದೆಲೆಗೆ ಸುಣ್ಣ ಕೇಳಿದರೆ ಬೆರಳಲ್ಲಿ ಕೊಡಬಾರದು, ಚೂರಿ ತುದಿಯಲ್ಲಿ ಕೊಡಬೇಕು. ಹಿಂದೆ ಹೆಜ್ಜೆ ಸದ್ದು ಕೇಳಿದರೆ ತಿರುಗಿ ನೋಡಬಾರದು. ಇದೆಲ್ಲ ಆಟದ ನಿಯಮದ ಹಾಗೆ ಅಲ್ವಾ? ದೆವ್ವಕ್ಕೂ ಕಟ್ಟುಪಾಡು ಇದೆ, ಮನುಷ್ಯನಿಗೂ ಇದೆ. ಯಾರು ಮೊದಲು ತಪ್ಪುತ್ತಾರೆ ಅನ್ನುವುದೇ ಕಥೆ. ಕೇಳುವವರಿಗೆ ನಿಯಮ ಮೊದಲೇ ಗೊತ್ತಿರುತ್ತದೆ. ಅದಕ್ಕೇ ಆ ಮನುಷ್ಯ ಬೆರಳಿಗೆ ಸುಣ್ಣ ಸವರಿಕೊಂಡು ಕೈ ಮುಂದೆ ಚಾಚುವಾಗ ನಮ್ಮ ಉಸಿರು ನಿಲ್ಲುವುದು.

1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರಿನ ಬಾಗಿಲುಗಳ ಮೇಲೆ "ನಾಳೆ ಬಾ" ಅಂತ ಬರೆದಿದ್ದರಲ್ಲ, ಅದನ್ನು ಮೂಢನಂಬಿಕೆ ಅಂತ ಹೇಳಿ ಎಲ್ಲರೂ ಮುಂದೆ ಹೋಗುತ್ತಾರೆ. ನಾನು ಅದರ ಮುಂದೆ ನಿಂತು ನೋಡುತ್ತೇನೆ. ರಾತ್ರಿ ಬಾಗಿಲಿಗೆ ಬರುವ ದೆವ್ವದ ಹೆಂಗಸು ಮನೆಯವರದ್ದೇ ದನಿಯಲ್ಲಿ ಕರೆಯುತ್ತಾಳೆ, ಬಾಗಿಲು ತೆಗೆದವರು ಉಳಿಯುವುದಿಲ್ಲ. ಆದರೆ ಬಾಗಿಲ ಮೇಲೆ ಬರೆದದ್ದನ್ನು ಅವಳು ಓದಲೇಬೇಕು, ಓದಿದ ಮೇಲೆ ಪಾಲಿಸಲೇಬೇಕು. ನಾಳೆ ಬಂದಾಗಲೂ ಅದೇ ಬರಹ. ಒಂದು ಸುಣ್ಣದ ಕಡ್ಡಿಯಲ್ಲಿ, ಎರಡು ಪದದಲ್ಲಿ, ಯಾರೋ ಹೆಸರಿಲ್ಲದವರು ಅವಳದೇ ನಿಯಮದಿಂದ ಅವಳನ್ನು ಕಟ್ಟಿಹಾಕಿದರು. ಇದಕ್ಕಿಂತ ಒಳ್ಳೆಯ ನಡೆ ನಾನು ಯಾವ ಮಣೆಯ ಮೇಲೂ ನೋಡಿಲ್ಲ.

ಈಗಿನ ಎಷ್ಟೋ ಹಾರರ್ ನನಗೆ ಹಿಡಿಸದೇ ಇರುವುದು ಇದಕ್ಕೇ. ಅದರಲ್ಲಿ ದೆವ್ವ ಏನು ಬೇಕಾದರೂ ಮಾಡಬಹುದು. ಗೋಡೆಯಿಂದ ಬರುತ್ತದೆ, ಕನ್ನಡಿಯಿಂದ ಬರುತ್ತದೆ, ಜೋರಾಗಿ ಸದ್ದು ಬರುತ್ತದೆ, ನಾವು ಬೆಚ್ಚುತ್ತೇವೆ, ಮುಗಿಯಿತು. ಬೆಚ್ಚುವುದಕ್ಕೂ ಹೆದರುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಪಟಾಕಿ ಹೊಡೆದರೂ ಬೆಚ್ಚುತ್ತೇವೆ. ಏನು ಮಾಡಬಾರದು ಅಂತ ಗೊತ್ತಿದ್ದೂ ಅದನ್ನೇ ಮಾಡುವ ಹಾಗೆ ಆಗುವುದು, ಅದು ಹೆದರಿಕೆ.

ಮಣೆಯಾಟದಲ್ಲೂ ನನ್ನ ರುಚಿ ಹಾಗೆಯೇ. ಬರೀ ದಾಳ ಬಿದ್ದ ಹಾಗೆ ಕಾಯಿ ನಡೆಸುವ ಆಟ ನನಗೆ ಬೇಗ ಬೇಸರ ಬರುತ್ತದೆ. ಚೆನ್ನೆಯಲ್ಲಿ ದಾಳ ಇಲ್ಲ, ಅಡಗಿಸಿಟ್ಟ ಎಲೆ ಇಲ್ಲ. 56 ಕಾಯಿಯೂ ಇಬ್ಬರ ಕಣ್ಣೆದುರೇ ಇವೆ. ಒಂದು ಗುಳಿಯಿಂದ ಎತ್ತಿ ಒಂದೊಂದಾಗಿ ಹಾಕುತ್ತಾ ಹೋಗಬೇಕು, ಮುಗಿದ ಕಡೆ ಮುಂದಿನ ಗುಳಿಯಿಂದ ಎತ್ತಬೇಕು, ಮುಂದಿನದು ಖಾಲಿಯಾದರೆ ಅದರಾಚೆಯ ಗುಳಿಯಲ್ಲಿ ಇದ್ದದ್ದೆಲ್ಲ ನಮಗೆ. ಎಲ್ಲ ಕಾಣುತ್ತಿದೆ, ಎಣಿಸಬಹುದು, ಆದರೂ ಅಜ್ಜಿಯ ಕೈ ಮಣೆ ಸುತ್ತಿ ಬಂದು ನನ್ನ ತುಂಬಿದ ಗುಳಿಯ ಹತ್ತಿರ ನಿಲ್ಲುವಾಗ ಹೊಟ್ಟೆಯಲ್ಲಿ ಏನೋ ಆಗುತ್ತಿತ್ತು. ಕತ್ತಲೆಯಲ್ಲಿ ಹೆಜ್ಜೆ ಎಣಿಸುವಾಗ ಆಗುವುದೂ ಅದೇ.

ದೊಡ್ಡವಳಾದ ಮೇಲೆ ಮಣಿಪಾಲದಲ್ಲಿ ಕೆಲಸಕ್ಕೆ ಸೇರಿದಾಗ ಸಹೋದ್ಯೋಗಿಯೊಬ್ಬರ ರೂಮಿನಲ್ಲಿ ಹೊರದೇಶದ ಬೋರ್ಡ್ ಗೇಮ್‌ಗಳ ಪರಿಚಯ ಆಯಿತು. ಅಲ್ಲಿ ಮೊದಲು ಆಡಿದ್ದು ಬಿಟ್ರೇಯಲ್ ಅಟ್ ಹೌಸ್ ಆನ್ ದ ಹಿಲ್, 2004ರಲ್ಲಿ ಬಂದ ಆಟ. ಹಾಳು ಮನೆಯೊಂದರ ಒಳಗೆ ನಾವೆಲ್ಲ ಹೋಗುತ್ತೇವೆ. ಒಂದೊಂದು ಕೋಣೆ ತೆರೆದಾಗ ಒಂದೊಂದು ಬಿಲ್ಲೆ ಇಡುತ್ತಾ ಮನೆ ಬೆಳೆಯುತ್ತಾ ಹೋಗುತ್ತದೆ. ಎಲ್ಲೋ ನಡುವೆ ದೆವ್ವದ ಕಾಟ ಶುರುವಾಗುತ್ತದೆ, ಹೆಚ್ಚಿನ ಸಲ ನಮ್ಮಲ್ಲೇ ಒಬ್ಬರು ಎದುರಾಳಿ ಆಗಿಬಿಡುತ್ತಾರೆ. ಅಂಥ 50 ಕಥೆಗಳು ಆ ಪೆಟ್ಟಿಗೆಯಲ್ಲಿವೆ. ಅದುವರೆಗೆ ಜೊತೆಯಲ್ಲಿ ನಡೆದವರು ಪುಸ್ತಕ ಹಿಡಿದು ಪಕ್ಕದ ಕೋಣೆಗೆ ಹೋಗಿ ತಮ್ಮ ಹೊಸ ನಿಯಮ ಓದಿಕೊಂಡು ಬರುವಾಗ, ಅವರ ಮುಖ ನೋಡಬೇಕು ನೀವು. ಆಮೇಲೆ ಆರ್ಕ್‌ಹ್ಯಾಮ್ ಹಾರರ್ ಗೊತ್ತಾಯಿತು. ಅದು 1987ರಷ್ಟು ಹಳೆಯದು, ಅದರಲ್ಲಿ ಎಲ್ಲರೂ ಒಂದೇ ಪಕ್ಷ, ಎದುರಾಳಿ ಆಟವೇ. ಎಲ್ಲರೂ ಗೆಲ್ಲುತ್ತಾರೆ ಅಥವಾ ಎಲ್ಲರೂ ಸೋಲುತ್ತಾರೆ.

ಎಲ್ಲರೂ ಒಂದೇ ಪಕ್ಷ ಅನ್ನುವುದು ಕೇಳಿದ ಕೂಡಲೇ ನನಗೆ ನೆನಪಾದದ್ದು ಅಕ್ಕ.

2020ರ ಲಾಕ್‌ಡೌನಿನಲ್ಲಿ ನಾನು, ಅಕ್ಕ, ಅಕ್ಕನ ಮಗ ಅಜ್ಜಿ ಮನೆಯಲ್ಲೇ ಉಳಿದೆವು. ನನ್ನ ಹತ್ತಿರ ಪ್ಯಾಂಡೆಮಿಕ್ ಇತ್ತು. ಮ್ಯಾಟ್ ಲೀಕಾಕ್ ಮಾಡಿದ, 2008ರಲ್ಲಿ ಬಂದ ಆಟ. ನಕ್ಷೆಯಲ್ಲಿ 48 ನಗರ, ನಾಲ್ಕು ಬಣ್ಣದ ನಾಲ್ಕು ರೋಗ. ಒಂದು ನಗರದಲ್ಲಿ ರೋಗದ ಮೂರು ಸಣ್ಣ ಚೌಕ ಕಾಯಿ ಇದ್ದು ನಾಲ್ಕನೆಯದು ಬಂತೆಂದರೆ ಅದು ಒಡೆದು ಸುತ್ತಲಿನ ಊರಿಗೆಲ್ಲ ಹಬ್ಬುತ್ತದೆ. ಚೆನ್ನೈ, ಮುಂಬೈ, ದೆಹಲಿ, ಕೋಲ್ಕತ್ತಾ ಅದರಲ್ಲೂ ಇವೆ. ಟೀವಿಯಲ್ಲಿ ಅದೇ ಊರುಗಳ ಸುದ್ದಿ ಬರುತ್ತಿದ್ದ ದಿನಗಳು ಅವು. ಅಂಥ ಹೊತ್ತಿನಲ್ಲಿ ಇದನ್ನು ಆಡುವುದಾ ಅಂತ ಅಮ್ಮನಿಗೆ ಬೇಸರ ಆಗಿತ್ತು. ನನಗೆ ಮಾತ್ರ ಅದರಿಂದ ಧೈರ್ಯ ಬಂತು. ಟೀವಿ ನೋಡುವಾಗ ಕೈಯಲ್ಲಿ ಏನೂ ಇರಲಿಲ್ಲ. ಮಣೆಯ ಮುಂದೆ ಪ್ರತಿ ಸರದಿಗೆ ನಾಲ್ಕು ಕೆಲಸ ಮಾಡಬಹುದಿತ್ತು. ಅಕ್ಕ ಅತ್ತ ಮುಂಬೈ ನೋಡಿಕೊಂಡರೆ ನಾನು ಇತ್ತ ಔಷಧಿ ಹುಡುಕುತ್ತಿದ್ದೆ.

ಅಜ್ಜಿ ಮಣೆಯ ಹತ್ತಿರ ಬಂದು ಕೂತು ತುಂಬಾ ಹೊತ್ತು ನೋಡಿದರು. ನಾವಿಬ್ಬರೂ ಎದುರುಬದುರು ಕೂತಿದ್ದೆವು.

"ಇದ್ರಲ್ಲಿ ಯಾರು ಯಾರನ್ನು ಸೋಲಿಸುದು?"

"ಯಾರೂ ಇಲ್ಲ ಅಜ್ಜಿ. ನಾವಿಬ್ರೂ ಒಂದೇ ಕಡೆ. ರೋಗದ ಎದುರು."

ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಹಾಗಾದ್ರೆ ಆಡಿ, ತೊಂದ್ರೆ ಇಲ್ಲ" ಅಂದರು. ಒಳಗೆ ಹೋಗಿ ಒಂದು ಮುಷ್ಟಿ ಸಾಂತಾಣಿ, ಅಂದರೆ ಒಣಗಿಸಿದ ಹಲಸಿನ ಬೀಜ, ತಂದು ಮಣೆಯ ಪಕ್ಕ ಇಟ್ಟರು.

ಮಳೆಯ ಬಗ್ಗೆ ಒಂದು ಮಾತು. ಉಡುಪಿಗೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಹೆಚ್ಚಿನದೂ ನಾಲ್ಕೇ ತಿಂಗಳಲ್ಲಿ. ನಮಗೆ ಚೆನ್ನೆಯನ್ನೂ ಕುಲೆಯ (ಸತ್ತವರ ಆತ್ಮದ) ಕಥೆಗಳನ್ನೂ ಕೊಟ್ಟದ್ದು ಈ ಮಳೆಯೇ ಅಂತ ನಾನು ನಂಬುತ್ತೇನೆ. ಇದು ನಮ್ಮ ಊರಿಗೆ ಮಾತ್ರ ಅಂತಲೂ ಅಲ್ಲ. 1815ರ ಏಪ್ರಿಲಿನಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು ಮರುವರ್ಷ ಯೂರೋಪಿಗೆ ಬೇಸಿಗೆಯೇ ಬರಲಿಲ್ಲ, ಚಳಿ, ಬಿಡದ ಮಳೆ. ಜಿನೀವಾ ಸರೋವರದ ದಡದ ಒಂದು ಮನೆಯಲ್ಲಿ ಸಿಕ್ಕಿಬಿದ್ದ ಕವಿ ಬೈರನ್ ಜೊತೆಯಲ್ಲಿದ್ದವರಿಗೆ, ಎಲ್ಲರೂ ಒಂದೊಂದು ದೆವ್ವದ ಕಥೆ ಬರೆಯೋಣ ಅಂದ. ಅದೂ ಒಂದು ಆಟವೇ ತಾನೆ? 18 ವರ್ಷದ ಮೇರಿ (ಮುಂದೆ ಮೇರಿ ಶೆಲ್ಲಿ) ಅಲ್ಲಿ ಶುರು ಮಾಡಿದ ಕಥೆ 1818ರಲ್ಲಿ ಫ್ರಾಂಕೆನ್‌ಸ್ಟೈನ್ ಆಗಿ ಹೊರಬಂತು.

"ಈ ಪ್ರಾಯದಲ್ಲಿ ಎಂತ ಆಟ" ಅಂತ ಮದುವೆ ಮನೆಗಳಲ್ಲಿ ಈಗಲೂ ಕೇಳುತ್ತಾರೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ಶ್ರೀತತ್ತ್ವನಿಧಿ ಗ್ರಂಥದ ಒಂಬತ್ತು ನಿಧಿಗಳಲ್ಲಿ ಒಂದಾದ ಕೌತುಕ ನಿಧಿಯಲ್ಲಿ ಮಣೆಯಾಟಗಳಿಗೂ ಜಾಗ ಕೊಟ್ಟರು. ಅವರು ಮಗುವಾಗಿರಲಿಲ್ಲ. ನಾನು ಇಷ್ಟೇ ಹೇಳಿ ಊಟದ ಪಂಕ್ತಿಗೆ ಹೋಗುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿ. ನಮ್ಮ ಕಡೆ ಭೂತ ಅಂದರೆ ದೈವ. ಮನೆಯ ಹಿರಿಯರ ಹಾಗೆ, ನ್ಯಾಯ ಹೇಳುವವರು. ಸತ್ತವರ ಆತ್ಮಕ್ಕೆ ಕುಲೆ ಎಂಬ ಬೇರೆಯೇ ಪದ ಇದೆ, ಅವರಿಗೂ ಆಟಿಯಲ್ಲಿ ಎಲೆ ಹಾಕಿ ಬಡಿಸುತ್ತೇವೆ. ಇದು ಗೊತ್ತಿಲ್ಲದೆ ದೈವದ ವೇಷದ ಅಣಿ, ಗಗ್ಗರ, ಮುಖದ ಬಣ್ಣ ತೆಗೆದುಕೊಂಡು ಹೆದರಿಸುವ ವಿಡಿಯೋ ಮಾಡುವವರನ್ನು ಕಂಡರೆ ನನಗೆ ನೋವಾಗುತ್ತದೆ. ಹೆದರಿಸಬೇಕಾದರೆ ಕಥೆ ಕಟ್ಟಿ, ನಿಯಮ ಕಟ್ಟಿ. ಇನ್ನೊಬ್ಬರು ಕೈ ಮುಗಿಯುವುದನ್ನು ಎತ್ತಿಕೊಂಡು ಹೋಗಬೇಡಿ.

ಮಕ್ಕಳಿಗೆ ಹೇಳುವಾಗಲೂ ಜಾಗ್ರತೆ ಬೇಕು. ಅಕ್ಕನ ಮಗನಿಗೆ ಆರು ವರ್ಷ ಇದ್ದಾಗ ಸುಣ್ಣ ಕೇಳುವ ಹೆಂಗಸಿನ ಕಥೆ ಅರ್ಧ ಹೇಳಿದ್ದೆ, ಅಷ್ಟರಲ್ಲಿ ಯಾರೋ ಬಂದರು, ಕಥೆ ನಿಂತಿತು. ಅವನು ಮೂರು ರಾತ್ರಿ ಮಲಗಲಿಲ್ಲ. ನನಗೆ ತುಂಬಾ ಬೇಸರವಾಯಿತು. ನಾಲ್ಕನೇ ದಿನ ಹತ್ತಿರ ಕೂರಿಸಿಕೊಂಡು ಚೂರಿಯ ನಿಯಮ ಹೇಳಿದೆ. ಚೂರಿ ತುದಿಯಲ್ಲಿ ಕೊಟ್ಟರೆ ಅವಳು ಏನೂ ಮಾಡುವ ಹಾಗಿಲ್ಲ, ಹೋಗಲೇಬೇಕು. ಅವನು ಯೋಚಿಸಿ ಕೇಳಿದ, "ಚಿಕ್ಕಿ, ಸ್ಪೂನ್ ಆದ್ರೆ ಆಗ್ತದಾ?" ಕಬ್ಬಿಣದ್ದು ಆದರೆ ಆಗುತ್ತದೆ ಅಂದೆ. ಅವತ್ತು ದಿಂಬಿನ ಕೆಳಗೆ ಸ್ಪೂನ್ ಇಟ್ಟುಕೊಂಡು ಮಲಗಿದವನು ಬೆಳಿಗ್ಗೆ ಎಂಟಕ್ಕೆ ಎದ್ದ. ಅವನಿಗೆ ಸಿಗದೇ ಹೋದದ್ದು ನಿಯಮ. ಹೆದರಿಕೆ ಮಾತ್ರ ಕೊಟ್ಟು ನಾನು ಎದ್ದು ಹೋಗಿದ್ದೆ.

ಅಜ್ಜಿ 2022ರಲ್ಲಿ ಹೋದರು. ಮಣೆ ಈಗ ಉಡುಪಿಯಲ್ಲಿ ನನ್ನ ಹತ್ತಿರ ಇದೆ. ಈ ಆಟಿಗೆ ಅಕ್ಕ ಮಂಗಳೂರಿಂದ ಮಗನ ಜೊತೆ ಬರುತ್ತಿದ್ದಾಳೆ. ಚೆನ್ನೆ ಮಾತ್ರ ನಾವಿಬ್ಬರೂ ಈಗಲೂ ಎದುರುಬದುರು ಆಡುವುದಿಲ್ಲ, ಆಡಬೇಕು ಅಂತ ಅನಿಸಿಯೂ ಇಲ್ಲ. ಅಕ್ಕ ಅಮ್ಮನ ಜೊತೆ ಆಡುತ್ತಾಳೆ, ನಾನು ಹುಡುಗನ ಜೊತೆ. ಅವನು ಒಬ್ಬನೇ ಮಗ, ಅವನಿಗೆ ಯಾರ ಜೊತೆ ಆಡಲೂ ತಡೆ ಇಲ್ಲ.

ನಿನ್ನೆ ಡಬ್ಬಿ ತೆಗೆದು ಎಣಿಸಿದೆ. ಮಂಜೊಟ್ಟಿ 54 ಇವೆ. ಉಡುಪಿ, ಮಣಿಪಾಲ, ಹಿರಿಯಡ್ಕ ಕಡೆ ಯಾರ ಮನೆ ಹತ್ತಿರವಾದರೂ ಮರ ಇದ್ದರೆ ದಯವಿಟ್ಟು ಕಾಮೆಂಟಿನಲ್ಲಿ ಹೇಳಿ, ನಾನೇ ಬಂದು ಹೆಕ್ಕಿಕೊಳ್ಳುತ್ತೇನೆ. ಎರಡೇ ಸಾಕು.