ಹಳೆ ಸ್ಟಿಕ್ಕರ್‌ಗೆ ಥಿನ್ನರ್ ಬೇಡ: ಒಂದು ಸ್ಪಷ್ಟನೆ

‘ಬೈಕಿನ ಹಳೆ ಸ್ಟಿಕ್ಕರ್ ತೆಗೀಬೇಕಾ? ಬಟ್ಟೆಗೆ ಥಿನ್ನರ್ ಹಾಕಿ ಉಜ್ಜಿ, ಎರಡೇ ನಿಮಿಷ’ ಎಂಬ ಸಲಹೆ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಸ್ಟಿಕ್ಕರ್ ಹೋಗುತ್ತದೆ, ಸುಳ್ಳಲ್ಲ. ಆದರೆ ಥಿನ್ನರ್ ಎಂದರೆ ಪೇಂಟ್ ತೆಳುವಾಗಿಸುವ ದ್ರವ, ಜೊತೆಗೆ ಪೇಂಟಿನ ಹೊಳಪೂ ಹೋಗಬಹುದು. ಕಂಪನಿ ಪೇಂಟ್ ಸ್ವಲ್ಪ ಹೊತ್ತು ತಡೆದೀತು. ಗ್ಯಾರೇಜಿನಲ್ಲಿ ಮತ್ತೆ ಹೊಡೆಸಿದ್ದಾದರೆ ಬಣ್ಣ ಬಟ್ಟೆಗೇ ಬರುವುದುಂಟು. ಇನ್ನು ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್‌ನ ಸೈಡ್ ಪ್ಯಾನೆಲ್ ಕಥೆ ಬೇರೆ. ಅನೇಕ ಥಿನ್ನರ್‌ಗಳಲ್ಲಿರುವ ಅಸಿಟೋನ್ ಆ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ.

ಮೊದಲು ಸ್ಟಿಕ್ಕರ್ ಅಂಚಿನ ಮೇಲೆ ಉಗುರು ಆಡಿಸಿ ನೋಡಿ. ಅಂಚು ಸಿಗದಿದ್ದರೆ ಅದು ಲ್ಯಾಕರ್ ಕೋಟಿಂಗ್ (ಪೇಂಟಿನ ಮೇಲೆ ಹೊಡೆಯುವ ಪಾರದರ್ಶಕ ಪದರ) ಕೆಳಗಿದೆ ಎಂದರ್ಥ. ಅದನ್ನು ಸುಮ್ನೆ ಬಿಡಿ, ಪೇಂಟರ್ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿಯೇ ತೆಗೆಯಬೇಕು.

ಅಂಚು ಸಿಕ್ಕರೆ ಹೇರ್ ಡ್ರೈಯರ್ ಸಾಕು. ಬಿಸಿ ಗಾಳಿ ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿರಿ. ಅಂಟು ಮೆತ್ತಗಾದ ಮೇಲೆ ಅಂಚನ್ನು ಹಿಂದಕ್ಕೆ ಮಡಚಿ, ಬೈಕಿನ ಮೈಗೆ ಒತ್ತಿದಂತೆ ನಿಧಾನಕ್ಕೆ ಎಳೆಯಿರಿ. ನೇರ ಮೇಲಕ್ಕೆ ಕಿತ್ತರೆ ಹರಿಯುತ್ತದೆ. ಬ್ಲೇಡ್ ಅಂತೂ ಬೇಡವೇ ಬೇಡ. ಉಳಿದ ಅಂಟಿಗೆ ಸೀಮೆಎಣ್ಣೆ ಹಚ್ಚಿದ ಬಟ್ಟೆ ಆಗುತ್ತದೆ, ಆದರೆ ಡ್ರೈಯರ್ ಆರಿಸಿ ದೂರ ಇಟ್ಟ ಮೇಲೆ. ಸೀಮೆಎಣ್ಣೆ ಈಗ ಎಲ್ಲಿ ಸಿಗುತ್ತೆ ಅಂತೀರಾ? ಅಡುಗೆ ಎಣ್ಣೆ ಹಚ್ಚಿ, ಜಾಸ್ತಿ ಹೊತ್ತು ಬಿಡಿ.

ಸ್ಟಿಕ್ಕರ್ ಇದ್ದ ಜಾಗ ಗಾಢವಾಗಿ ಕಂಡರೆ ಅದು ಕಲೆಯಲ್ಲ. ಸುತ್ತಲಿನ ಬಣ್ಣ ಬಿಸಿಲಿಗೆ ಮಾಸಿದೆ, ಅಷ್ಟೇ. ಪಾಲಿಶ್ ಮಾಡಿಸಿದರೆ ಸ್ವಲ್ಪ ಕಮ್ಮಿಯಾಗುತ್ತದೆ.

ಹೊಸದು ಅಂಟಿಸುವ ಮುಂಚೆ ಎಣ್ಣೆ ಜಿಡ್ಡು ಪೂರ್ತಿ ಹೋಗುವಂತೆ ಶಾಂಪೂ ನೀರಲ್ಲಿ ತೊಳೆಯಿರಿ. ಇಲ್ಲದಿದ್ದರೆ ಮೊದಲ ಮಳೆಗೇ ಅಂಚು ಏಳುತ್ತದೆ.