ಮಂಡಕ್ಕಿ ಭಟ್ಟಿಗೆ ಫಯೋಲ್ ಬೇಕೆ? ಪರ–ವಿರೋಧ

ಯೋಜನೆ, ಸಂಘಟನೆ, ಸಿಬ್ಬಂದಿ ನೇಮಕ, ನಿರ್ದೇಶನ, ನಿಯಂತ್ರಣ. ನಿರ್ವಹಣೆಯ ಐದು ಕಾರ್ಯಗಳೆಂದು ವಾಣಿಜ್ಯ ಓದಿದವರೆಲ್ಲ ಉರು ಹೊಡೆದ ಪಟ್ಟಿ ಇದು, ಇದರ ಬೇರು ಹೆನ್ರಿ ಫಯೋಲ್ ಎಂಬವರ ಬರಹದಲ್ಲಿದೆ. ಹತ್ತು–ಹನ್ನೆರಡು ಜನ ದುಡಿಯುವ ದಾವಣಗೆರೆಯ ಮಂಡಕ್ಕಿ ಭಟ್ಟಿಯಂಥ ಕಡೆ ಈ ಪಟ್ಟಿ ಕೆಲಸಕ್ಕೆ ಬರುತ್ತದೆಯೆ? ಎರಡು ವಾದಗಳು ಇಲ್ಲಿವೆ.

ಪರ: ದುಡ್ಡು ಸೋರುವ ಜಾಗ ಗೊತ್ತಾಗಬೇಕಾದರೆ

ನಷ್ಟದಲ್ಲಿರುವ ಭಟ್ಟಿಯ ಮಾಲೀಕರನ್ನು ಕೇಳಿ ನೋಡಿ, ಕಾರಣ ಮೂರೇ: ಭತ್ತ ತುಟ್ಟಿಯಾಯಿತು, ಆಳು ಸಿಗುವುದಿಲ್ಲ, ಉದ್ರಿ ವಸೂಲಾಗುವುದಿಲ್ಲ. ಮೂರೂ ಸುಳ್ಳಲ್ಲ. ಆದರೆ ಅದೇ ಎಪಿಎಂಸಿಯಲ್ಲಿ ಅದೇ ದರಕ್ಕೆ ಭತ್ತ ಹಿಡಿದು, ಅದೇ ಅಂಗಡಿಗಳಿಗೆ ಉದ್ರಿ ಕೊಟ್ಟು ಪಕ್ಕದ ಭಟ್ಟಿ ನಡೆಯುತ್ತಲೇ ಇರುತ್ತದೆ. ಹಾಗಿದ್ದರೆ ವ್ಯತ್ಯಾಸ ಇರುವುದು ಮಾರುಕಟ್ಟೆಯಲ್ಲಲ್ಲ, ನಡೆಸುವ ರೀತಿಯಲ್ಲಿ.

ಹೆನ್ರಿ ಫಯೋಲ್ ಕಂಡುಕೊಂಡದ್ದೂ ಇದನ್ನೇ. ಅವರು ಫ್ರಾನ್ಸಿನ ಗಣಿ ಎಂಜಿನಿಯರ್. ದಿವಾಳಿಯ ಅಂಚಿಗೆ ಬಂದಿದ್ದ ಗಣಿ–ಕಬ್ಬಿಣದ ಕಂಪನಿಯೊಂದರ ಹೊಣೆಯನ್ನು 1888ರಲ್ಲಿ ಹೊತ್ತು, 1918ರಲ್ಲಿ ನಿವೃತ್ತರಾಗುವ ಹೊತ್ತಿಗೆ ಅದನ್ನು ಗಟ್ಟಿ ನೆಲದ ಮೇಲೆ ನಿಲ್ಲಿಸಿದ್ದರು. ಗಣಿಗಾರಿಕೆ ಗೊತ್ತಿರುವುದು ಬೇರೆ, ಗಣಿ ನಡೆಸುವುದು ಬೇರೆ. ಎರಡನೆಯದನ್ನೂ ಕಲಿಸಬಹುದು ಎಂಬುದು 1916ರಲ್ಲಿ ಪ್ರಕಟವಾದ ಅವರ ಬರಹದ ತಿರುಳು. ಮುನ್ನೋಟ, ಸಂಘಟನೆ, ಆದೇಶ, ಸಮನ್ವಯ, ನಿಯಂತ್ರಣ ಎಂದು ಅವರು ಐದು ಅಂಗ ಹೇಳಿದರು. 1937ರಲ್ಲಿ ಅಮೆರಿಕದ ಆಡಳಿತ ತಜ್ಞ ಲೂಥರ್ ಗುಲಿಕ್ ಅದನ್ನು ಏಳು ಮಾಡಿದರು. ಇಂದು ತರಗತಿಯಲ್ಲಿ ಹೇಳಿಕೊಡುವ ಐದು, 1955ರಲ್ಲಿ ಕೂಂಟ್ಸ್ ಮತ್ತು ಓ'ಡೊನೆಲ್ ಅಮೆರಿಕದಲ್ಲಿ ಪಠ್ಯಕ್ಕೆ ಇಳಿಸಿದ ರೂಪ. ಎಣಿಕೆ ಬದಲಾದರೂ ಒಳಗಿನ ಕೆಲಸ ಅದೇ.

ಯೋಜನೆ ಎಂದರೆ ಗೋಡೆಗೆ ಅಂಟಿಸುವ ಚಾರ್ಟ್ ಅಲ್ಲ, ಲೆಕ್ಕ. ಭದ್ರಾ ಅಚ್ಚುಕಟ್ಟಿನ ಮಳೆಗಾಲದ ಭತ್ತ ನವೆಂಬರ್–ಡಿಸೆಂಬರಿಗೆ ಕಣಕ್ಕೆ ಬರುತ್ತದೆ. ಆಗ ದರ ಇಳಿಯುತ್ತದೆ, 'ಈಗಲೇ ಹಿಡಿದಿಟ್ಟುಕೊಳ್ಳೋಣ' ಎನ್ನುವ ಆಸೆ ಏಳುತ್ತದೆ. ಕ್ವಿಂಟಲ್‌ಗೆ 2,400 ರೂಪಾಯಿಯಂತೆ, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯ ಸಾಲ ತಂದು ಕೊಂಡಿರಿ ಎನ್ನೋಣ. ಮೂರು ತಿಂಗಳಿಗೆ ಬಡ್ಡಿ 144 ರೂಪಾಯಿ. ಹೊಸ ಭತ್ತದಲ್ಲಿ ಶೇ 18 ತೇವ ಇದ್ದು ಅದು ಶೇ 13ಕ್ಕೆ ಒಣಗಿದರೆ ಕ್ವಿಂಟಲ್‌ಗೆ ಸುಮಾರು 5.75 ಕೆಜಿ ತೂಕವೇ ಮಾಯ. ಅದರ ಬೆಲೆ 138 ರೂಪಾಯಿ. ಎರಡೂ ಸೇರಿ 282. ಇಲಿ–ಹೆಗ್ಗಣದ ಪಾಲು ಬೇರೆ. ಮಾರ್ಚಿಗೆ ದರ 200 ರೂಪಾಯಿ ಏರಿದರೆ 'ಲಾಭವಾಯಿತು' ಎಂದು ಬೀಗುವ ಮಾಲೀಕರು ನಿಜಕ್ಕೂ ಕಳೆದುಕೊಂಡಿರುತ್ತಾರೆ. ಕೊಳ್ಳುವ ಮೊದಲು ಹತ್ತು ನಿಮಿಷ ಕೂತಿದ್ದರೆ ಇದು ತಿಳಿಯುತ್ತಿತ್ತು.

ಉದ್ರಿಯ ಲೆಕ್ಕವೂ ಹೀಗೆಯೇ. ಭತ್ತಕ್ಕೆ ನಗದು ಕೊಡಬೇಕು. ಅದು 20 ದಿನ ಗೋದಾಮಿನಲ್ಲಿ, 5 ದಿನ ನೆನೆ–ಒಣಗು–ಹುರಿ ಕೆಲಸದಲ್ಲಿ, ಮಾರಿದ ಮೇಲೆ 30 ದಿನ ಅಂಗಡಿಯವರ ಉದ್ರಿಯಲ್ಲಿ ಇರುತ್ತದೆ. ಒಟ್ಟು 55 ದಿನ. ದಿನದ ಖರ್ಚು 20,000 ಎಂದರೆ 11 ಲಕ್ಷ ರೂಪಾಯಿ ಸದಾ ಸಿಕ್ಕಿಕೊಂಡಿರುತ್ತದೆ. ಉದ್ರಿಯನ್ನು 15 ದಿನಕ್ಕೆ ಇಳಿಸಿದರೆ ಬೇಕಾಗುವುದು 8 ಲಕ್ಷ. ಅದೇ ಬಡ್ಡಿಯಲ್ಲಿ ತಿಂಗಳಿಗೆ 6,000 ಉಳಿತಾಯ, ಅದೂ ಒಂದು ಚೀಲವನ್ನೂ ಹೆಚ್ಚಿಗೆ ಮಾರದೆ.

ಸಂಘಟನೆಯ ವಿಷಯಕ್ಕೆ ಬಂದರೆ, ಮನೆತನದ ಭಟ್ಟಿಗಳಿಗೆ ಫಯೋಲರ ಒಂದೇ ಒಂದು ಸೂತ್ರ ಸಾಕು: ಒಬ್ಬ ಆಳಿಗೆ ಒಬ್ಬನೇ ಯಜಮಾನ. ಅಣ್ಣ 'ಬೆಂಕಿ ಜೋರು ಮಾಡು' ಎನ್ನುತ್ತಾನೆ, ತಮ್ಮ ಬಂದು 'ಸೌದೆ ಯಾಕೋ ಇಷ್ಟು ತುರುಕಿದೀಯ' ಎಂದು ಗದರುತ್ತಾನೆ, ಅಪ್ಪಾಜಿ ಗಲ್ಲಾ ಪೆಟ್ಟಿಗೆಯ ಹಿಂದೆ ಕೂತು ಅದೇ ಆಳನ್ನು ಟೀ ತರಲು ಕಳಿಸುತ್ತಾರೆ. ಅಷ್ಟರಲ್ಲಿ ಬಾಣಲೆಯಲ್ಲಿದ್ದದ್ದು ಸೀದು ಹೋಗುತ್ತದೆ, ಬೈಸಿಕೊಳ್ಳುವವನು ಆಳು. ಖರೀದಿ ಅಣ್ಣನದು, ಭಟ್ಟಿ ತಮ್ಮನದು, ವಸೂಲಿ ಅಪ್ಪಾಜಿಯದು ಎಂದು ಹಂಚಿಕೊಂಡರೆ ಖರ್ಚೇ ಇಲ್ಲದ ಸುಧಾರಣೆ. ನೇಮಕದ ಬಗ್ಗೆ ಹೆಚ್ಚು ಹೇಳುವುದಿಲ್ಲ: ಹುರಿಯುವವರು ಒಬ್ಬರೇ ಇದ್ದು, ಅವರು ಊರ ಹಬ್ಬಕ್ಕೆ ಹೋದ ದಿನ ಭಟ್ಟಿಗೆ ಬೀಗ ಬೀಳುತ್ತದೆ ಎಂದಾದರೆ ಇನ್ನೊಬ್ಬರನ್ನು ತಯಾರು ಮಾಡಿ, ಅಷ್ಟೆ.

ಕೊನೆಯದು ನಿಯಂತ್ರಣ. ಮಂಡಕ್ಕಿ ಕೈ ಬದಲಾಗುವುದು ಚೀಲದ ಲೆಕ್ಕದಲ್ಲಿ, ಸೇರಿನ ಲೆಕ್ಕದಲ್ಲಿ. ಹಾಗಾಗಿ ತೂಕದ ಕಡೆ ಯಾರೂ ನೋಡುವುದಿಲ್ಲ. 100 ಕೆಜಿ ಹದ ಮಾಡಿದ ಅಕ್ಕಿ ಹುರಿದಾಗ ಎಂಟು–ಹತ್ತು ಕೆಜಿ ತೇವವಾಗಿ ಹಾರಿಹೋಗುವುದು ಸಹಜ. ಹೊರಬಂದ ಮಂಡಕ್ಕಿ, ನುಚ್ಚು, ಅರಳದ ಕಾಳು ಮೂರನ್ನೂ ತೂಗಿದಾಗ 84 ಕೆಜಿ ಮಾತ್ರ ಬಂದರೆ, ಇನ್ನು ಆರು ಕೆಜಿ ಎಲ್ಲಿಗೆ ಹೋಯಿತು? ಮರಳಿನ ಜೊತೆ ಹೋಯಿತೆ, ಬೂದಿಯಾಯಿತೆ, ಹಿತ್ತಿಲ ಬಾಗಿಲಿನಿಂದ ಹೋಯಿತೆ? ದಿನಾ ತೂಗಬೇಕಾಗಿಲ್ಲ. ವಾರಕ್ಕೊಮ್ಮೆ, ಮುಂಚೆ ಹೇಳದೆ, ಒಂದು ಪಾಳಿ ತೂಗಿ ಕಿರ್ದಿ ಪುಸ್ತಕದ ಅಂಚಿನಲ್ಲಿ ಬರೆದಿಟ್ಟರೆ ಎರಡು ತಿಂಗಳಲ್ಲಿ ಭಟ್ಟಿಯ ನಿಜರೂಪ ಕಾಣುತ್ತದೆ.

ಮಾಲೀಕರಿಗೆ ಪುರುಸೊತ್ತಿಲ್ಲ ಎಂಬ ಆಕ್ಷೇಪ ಬಂದೇ ಬರುತ್ತದೆ. ಬಟವಾಡೆಯ ದಿನ ಹೇಗೂ ಪುಸ್ತಕ ತೆರೆಯುತ್ತಾರಲ್ಲ, ಅವತ್ತೇ ಇನ್ನರ್ಧ ಗಂಟೆ ಕೂರಲಿ.

ವಿರೋಧ: ಹದ ತಪ್ಪುವುದು ಪಟ್ಟಿಯಲ್ಲಲ್ಲ

ಮೇಲಿನ ಲೆಕ್ಕಗಳು ಸರಿ. ತಕರಾರು ಅವುಗಳ ಮೇಲಲ್ಲ. ಬಡ್ಡಿ, ತೇವದ ತೂಕ, ಉದ್ರಿಯ ದಿನ ಎಲ್ಲ ಒಳ್ಳೆಯ ಗುಮಾಸ್ತರಿಗೆ ಫಯೋಲ್ ಹುಟ್ಟುವ ಮೊದಲೇ ಗೊತ್ತಿದ್ದವು. ಅವಕ್ಕೆ 'ಯೋಜನೆ', 'ನಿಯಂತ್ರಣ' ಎಂದು ಚೀಟಿ ಅಂಟಿಸಿದ್ದರಿಂದ ಹೊಸದಾಗಿ ಸಿಕ್ಕಿದ್ದೇನು?

ಫಯೋಲರನ್ನೇ ಪೂರ್ತಿ ಓದಿ. ಸಂಸ್ಥೆಯ ಮುಖ್ಯಸ್ಥನಿಗೆ ಯಾವ ಸಾಮರ್ಥ್ಯ ಎಷ್ಟು ಬೇಕು ಎಂದು ಅವರೊಂದು ಕೋಷ್ಟಕ ಕೊಟ್ಟಿದ್ದಾರೆ. ಒಬ್ಬನೇ ನಡೆಸುವ ಕಸುಬಿನಲ್ಲಿ ನೂರಕ್ಕೆ 15ರಷ್ಟು ನಿರ್ವಹಣೆ, 40ರಷ್ಟು ತಾಂತ್ರಿಕ ತಿಳಿವಳಿಕೆ. ಸಣ್ಣ ಸಂಸ್ಥೆಯಲ್ಲಿ 25 ಮತ್ತು 30. ಈ ಅಂಕಿಗಳು ತನ್ನ ಅಂದಾಜು ಎಂದು ಅವರೇ ಹೇಳಿದ್ದಾರೆ. ಆದರೂ ಸಣ್ಣ ಕಡೆ ಕಸುಬೇ ಮುಖ್ಯ ಎಂಬುದು ಅವರಿಗೆ ತಿಳಿದಿತ್ತು. ಪಠ್ಯಗಳು ಈ ಕೋಷ್ಟಕ ಬಿಟ್ಟು ಪಟ್ಟಿಯನ್ನು ಮಾತ್ರ ಉಳಿಸಿಕೊಂಡವು.

ಇನ್ನು ಸೂತ್ರಗಳು. ಅಮೆರಿಕದ ವಿದ್ವಾಂಸ ಹರ್ಬರ್ಟ್ ಸೈಮನ್ 1946ರಲ್ಲೇ ನಿರ್ವಹಣೆಯ ಇಂಥ ಸೂತ್ರಗಳನ್ನು ಗಾದೆಗಳು ಎಂದು ಕರೆದರು. 'ತಾಳಿದವನು ಬಾಳಿಯಾನು' ಎನ್ನುವ ಬಾಯಲ್ಲೇ 'ಆಲಸ್ಯಂ ಅಮೃತಂ ವಿಷಂ' ಎನ್ನುತ್ತೇವೆ. ನಡೆದದ್ದಕ್ಕೆ ಯಾವುದು ಒಪ್ಪುತ್ತದೋ ಅದನ್ನು ಆಮೇಲೆ ಎತ್ತಿಕೊಳ್ಳುತ್ತೇವೆ. ಒಬ್ಬರ ಕೈಕೆಳಗೆ ಹೆಚ್ಚು ಜನ ಇರಬಾರದು ಎನ್ನುತ್ತದೆ ಒಂದು ಸೂತ್ರ, ನಡುವೆ ಹಂತಗಳು ಹೆಚ್ಚಬಾರದು ಎನ್ನುತ್ತದೆ ಇನ್ನೊಂದು. ಹನ್ನೆರಡು ಜನರ ಭಟ್ಟಿಗೆ ಮೇಸ್ತ್ರಿ ಬೇಕೆ ಬೇಡವೆ? ಎರಡೂ ಉತ್ತರಕ್ಕೆ ಶಾಸ್ತ್ರಾಧಾರ ಸಿಗುತ್ತದೆ. ಗ್ರೈಕ್ಯೂನಸ್ ಎಂಬವರು 1933ರಲ್ಲಿ ಇದಕ್ಕೆ ಗಣಿತವನ್ನೂ ಹೂಡಿದರು: ಕೈಕೆಳಗೆ ಐವರಿದ್ದರೆ ಮೇಲಿನವರು ನಿಭಾಯಿಸಬೇಕಾದ್ದು 100 ಬಗೆಯ ಸಂಬಂಧ, ಆರನೆಯವರು ಬಂದರೆ 222. ಗುಣಾಕಾರ ತಪ್ಪಿಲ್ಲ. ಆದರೆ ಆ 222ರಲ್ಲಿ ಬಹುಪಾಲು ಭಟ್ಟಿಯಲ್ಲಿ ಎಂದೂ ಎದುರಾಗದವು.

ಮಾಲೀಕರ ದಿನ ಹೇಗಿರುತ್ತದೆ ನೋಡಿ. ನಿರ್ವಹಣಾ ಸಂಶೋಧಕ ಹೆನ್ರಿ ಮಿಂಟ್ಸ್‌ಬರ್ಗ್ ಐವರು ಮುಖ್ಯಾಧಿಕಾರಿಗಳನ್ನು ತಲಾ ಒಂದು ವಾರ ಹಿಂಬಾಲಿಸಿ ಗಡಿಯಾರ ಹಿಡಿದು ಬರೆದುಕೊಂಡರು. ಪುಸ್ತಕವಾಗಿ ಬಂದದ್ದು 1973ರಲ್ಲಿ. ಆ ಅಧಿಕಾರಿಗಳ ಕೆಲಸಗಳಲ್ಲಿ ಅರ್ಧದಷ್ಟು ಒಂಬತ್ತು ನಿಮಿಷಕ್ಕೂ ಕಡಿಮೆ ಹೊತ್ತಿನವು. ದೊಡ್ಡ ಸಂಸ್ಥೆಯ ಮುಖ್ಯಸ್ಥರ ಪಾಡೇ ಇದಾದರೆ, ಹಮಾಲರು, ದಲಾಲರು, ಸೌದೆ ಲಾರಿ, ವಿದ್ಯುತ್ ಹೋದದ್ದು ಎಲ್ಲವನ್ನೂ ಒಬ್ಬರೇ ನೋಡುವ ಭಟ್ಟಿಯವರು ಈ ಗಂಟೆ ಯೋಜನೆ, ಆ ಗಂಟೆ ನಿಯಂತ್ರಣ ಎಂದು ಎಲ್ಲಿ ಬೇರ್ಪಡಿಸುತ್ತಾರೆ?

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಕಾರ್ಯಗಳನ್ನು ವಿಂಗಡಿಸುವ ಅಭ್ಯಾಸ ಬಂದರೆ ಕೆಲಸವನ್ನೂ ತುಂಡು ಮಾಡುವ ಅಭ್ಯಾಸ ಹಿಂದೆಯೇ ಬರುತ್ತದೆ. ಅದು ಕೆಲಸವನ್ನು ಗಡಿಯಾರ ಹಿಡಿದು ಅಳೆದ ಅಮೆರಿಕದ ಎಂಜಿನಿಯರ್ ಎಫ್.ಡಬ್ಲ್ಯು. ಟೇಲರರ ದಾರಿ: ಪ್ರತಿ ತುಂಡಿಗೂ ಅಳತೆ, ಪ್ರತಿ ತುಂಡಿಗೂ ದರ. ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಸಲಿಕೆಯೊಂದಕ್ಕೆ 21 ಪೌಂಡ್, ಅಂದರೆ ಸುಮಾರು 9.5 ಕೆಜಿ ಹೊರೆ ಸರಿ ಎಂದು ಅವರು ಕಂಡುಕೊಂಡರು. ಅದಿರು ತುಂಬುವುದಕ್ಕೆ ಅದು ನಡೆದೀತು. ಮಂಡಕ್ಕಿಯಲ್ಲಿ ಏನಾಗುತ್ತದೆ?

ಭತ್ತ ನೆನೆಸಿ, ಬಿಸಿ ಕೊಟ್ಟು, ಒಣಗಿಸಿ, ಮಿಲ್ಲಿಗೆ ಹಾಕಿ ಅಕ್ಕಿ ಮಾಡಿಸಬೇಕು. ಆ ಅಕ್ಕಿಗೆ ಉಪ್ಪುನೀರು ಹಿಡಿಸಿ ಹದಕ್ಕೆ ತರಬೇಕು. ಮಂಡಕ್ಕಿಯ ಹಣೆಬರಹ ನಿಲ್ಲುವುದು ಇಲ್ಲಿ. ಹುರಿಯುವ ಹೊತ್ತಿಗೆ ಅಕ್ಕಿಯಲ್ಲಿ ಶೇ 10–11 ತೇವ ಇರಬೇಕು, ಮರಳು ಸುಮಾರು 250 ಡಿಗ್ರಿ ಕಾದಿರಬೇಕು. ಆಗ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಒಳಗಿನ ತೇವ ಆವಿಯಾಗಿ, ಬೆಂದು ಗಟ್ಟಿಯಾಗಿದ್ದ ಪಿಷ್ಟವನ್ನು ಒಳಗಿನಿಂದ ತಳ್ಳಿ ಕಾಳು ಉಬ್ಬುತ್ತದೆ. ತೇವ ಹೆಚ್ಚಿದ್ದರೆ ಕಾಳು ಬಿರುಸಾಗಿ ಹಲ್ಲಿಗೆ ಸಿಗುತ್ತದೆ. ಕಡಿಮೆಯಿದ್ದರೆ ತಳ್ಳಲು ಆವಿಯೇ ಸಾಲದು, ಅರ್ಧ ಅರಳಿ ಕೆಂಪಗಾಗುತ್ತದೆ. ಮೋಡದ ದಿನ ಒಣಗುವ ಹೊತ್ತು ಹೆಚ್ಚುತ್ತದೆ, ಬಿಸಿಲು ಸುಡುವ ಏಪ್ರಿಲ್‌ನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಹದ ಮೀರುತ್ತದೆ.

ಈಗ ಇದನ್ನು ತುಂಡು ಮಾಡಿ ನೋಡಿ. ಒಣಗಿಸುವವರಿಗೆ ಕ್ವಿಂಟಲ್ ಲೆಕ್ಕ, ಹುರಿಯುವವರಿಗೆ ಚೀಲದ ಲೆಕ್ಕ, ಜರಡಿ ಹಿಡಿಯುವವರಿಗೆ ದಿನಗೂಲಿ. ಒಣಗಿಸುವವರು ಬೇಗ ಮುಗಿಸುತ್ತಾರೆ; ಹಸಿಯಾಗಿಯೇ ಅಕ್ಕಿ ಮುಂದಕ್ಕೆ ಹೋಗುತ್ತದೆ. ಹುರಿಯುವವರು ಹದಕ್ಕೆ ಕಾದರೆ ಅವರ ಚೀಲ ಕಡಿಮೆ, ಆದ್ದರಿಂದ ಬೆಂಕಿ ಜೋರು ಮಾಡುತ್ತಾರೆ. ಜರಡಿಯವರು ಮರಳು ಪೂರ್ತಿ ಉದುರುವ ತನಕ ಆಡಿಸುವುದಿಲ್ಲ. ಮೂವರೂ ತಮ್ಮ ತಮ್ಮ ಅಳತೆ ಮುಟ್ಟಿಸಿದ್ದಾರೆ, ಕಿರ್ದಿಯಲ್ಲಿ ಎಲ್ಲ ತಾಳೆಯಾಗುತ್ತದೆ. ಮಿರ್ಚಿ–ಮಂಡಕ್ಕಿ ತಿನ್ನಲು ಕೂತವರ ಬಾಯಲ್ಲಿ ಮಾತ್ರ ಮರಳು ಕಚ್ಚುತ್ತದೆ. ಮಾರನೆಯ ವಾರ ಅಂಗಡಿಯವರು ಬೇರೆ ಭಟ್ಟಿಯ ಮಾಲು ತರಿಸುತ್ತಾರೆ. ಪರ ವಾದದವರು ಹುಡುಕುವ ಆರು ಕೆಜಿಯಲ್ಲಿ ಈ ನಷ್ಟ ಕಾಣುವುದೇ ಇಲ್ಲ.

ಈ ಪಾಠಕ್ಕೆ ಹೊರದೇಶಕ್ಕೆ ಹೋಗಬೇಕಾಗಿಲ್ಲ. 1953ರಲ್ಲಿ ಅಹಮದಾಬಾದಿನ ಕ್ಯಾಲಿಕೊ ಮಿಲ್ಲಿನ ನೇಯ್ಗೆ ವಿಭಾಗದಲ್ಲಿ ಸ್ವಯಂಚಾಲಿತ ಮಗ್ಗ ಬಂದರೂ ಉತ್ಪಾದನೆ ಏರಿರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಚೂರು ಕೆಲಸ, ಮಗ್ಗಕ್ಕೆ ಯಾರೂ ಯಜಮಾನರಲ್ಲ. ಜನ ಒಟ್ಟಾಗಿ ದುಡಿಯುವ ಬಗೆಯನ್ನು ಅಧ್ಯಯನ ಮಾಡುವ ಲಂಡನ್ನಿನ ಟವಿಸ್ಟಾಕ್ ಸಂಸ್ಥೆಯ ಎ.ಕೆ. ರೈಸ್ ಅಲ್ಲಿದ್ದರು. ಒಂದಷ್ಟು ಮಗ್ಗಗಳ ಪೂರ್ತಿ ಹೊಣೆ ಒಂದೊಂದು ಗುಂಪಿಗೆ ಎಂದು ಬದಲಾಯಿಸಿದಾಗ ಉತ್ಪಾದನೆ ಏರಿತು, ಕೆಟ್ಟ ಬಟ್ಟೆ ಇಳಿಯಿತು. ಹತ್ತಿ ಗಿರಣಿಗಳಿಂದಲೇ ಹೆಸರಾಗಿದ್ದ ದಾವಣಗೆರೆಗೆ ಇದು ಅಪರಿಚಿತ ಲೋಕವೇನಲ್ಲ. ಇಲ್ಲಿನ ಗಿರಣಿಗಳಲ್ಲೂ ಮ್ಯಾನೇಜರ್, ಮೇಲ್ವಿಚಾರಕರು, ಹಾಜರಿ ಪುಸ್ತಕ ಎಲ್ಲ ಇದ್ದವು. ಆದರೂ ಒಂದೊಂದಾಗಿ ಬಾಗಿಲು ಹಾಕಿದವು. ಅದಕ್ಕೆ ಕಾರಣ ಹತ್ತಾರು, ಫಯೋಲರ ತಲೆಗೆ ಕಟ್ಟುವಂತಿಲ್ಲ. ಆದರೆ ಐದೂ ಕಾರ್ಯಗಳಿಗೆ ಜನ ಇದ್ದ ಮಾತ್ರಕ್ಕೆ ಬದುಕುಳಿಯುವ ಖಾತ್ರಿಯಿಲ್ಲ ಎಂಬುದಂತೂ ಕಣ್ಣೆದುರಿಗಿದೆ.

ಹಾಗಾದರೆ ಮಾಡಬೇಕಾದ್ದೇನು? ಉಪ್ಪುನೀರು ಹಿಡಿಸುವಲ್ಲಿಂದ ಚೀಲದ ಬಾಯಿ ಹೊಲಿಯುವ ತನಕ ಒಂದು ಬಾಣಲೆಯ ಕೆಲಸವನ್ನು ನಾಲ್ಕೈದು ಜನರ ಒಂದೇ ಗುಂಪಿಗೆ ಕೊಡಿ. ಕೂಲಿ ಆ ಗುಂಪಿನ ಒಳ್ಳೆಯ ಚೀಲಕ್ಕೆ. ಅಂಗಡಿಯಿಂದ ವಾಪಸ್ ಬಂದ ಚೀಲ ಆ ಲೆಕ್ಕಕ್ಕೆ ಇಲ್ಲ. ಆದರೆ ಮಳೆಗಾಲದಲ್ಲಿ ಒಣಗದೆ ನಿಂತ ದಿನದ ಕೂಲಿಯನ್ನು ಮಾಲೀಕರೇ ಹೊರಬೇಕು. ಇಲ್ಲದಿದ್ದರೆ ಗುಂಪೂ ಹಸಿ ಅಕ್ಕಿಯನ್ನೇ ಹುರಿಯುತ್ತದೆ, ಅದು ಅವರ ತಪ್ಪೂ ಅಲ್ಲ. ಪೂರ್ತಿ ಹುರಿಯುವ ಮೊದಲು ಒಂದು ಹಿಡಿ ಅಕ್ಕಿಯನ್ನು ಕಾದ ಮರಳಿಗೆ ಹಾಕಿ ನೋಡುವ ಹಳೆಯ ಪದ್ಧತಿ ಇರಲಿ. ಜೊತೆಗೊಂದು ತೇವ ಅಳೆಯುವ ಮೀಟರ್ ಇರಲಿ. ಅದನ್ನು ಮಾಲೀಕರ ಮೇಜಿನ ಮೇಲಲ್ಲ, ಬಾಣಲೆಯ ಪಕ್ಕ ಇಡಿ. 'ಇವತ್ತು ಹದ ಬಂದಿಲ್ಲ, ಬೆಂಕಿ ಹಾಕೋದಿಲ್ಲ' ಎನ್ನುವ ಅಧಿಕಾರವೂ ಆ ಮೀಟರ್ ಹಿಡಿದವರಿಗೇ ಇರಬೇಕು.